ಕಾವ್ಯ ಓದುವ ಕೈಗೆ ಕೀರ್ದಿ

“ನಮ್ಮ ಮಗಳು ಬಿ.ಎ. ತರಗತಿಯಲ್ಲಿ ಓದುತ್ತಿರುವಳು. ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳು ಅವಳ ವಿಷಯಗಳು. ಓದು ಮುಗಿದ ಮೇಲೆ ಹಣದ ವ್ಯವಹಾರವೇ ತಿಳಿಯದೆ ಹೋದರೆ ಏನು ಗತಿ? ಅವಳನ್ನು ಕಾಮರ್ಸಿಗೇ ಹಾಕಬೇಕಾಗಿತ್ತೇ?” ಎಂದು ಓರ್ವ ತಾಯಿಯವರು ಈ ಪುಟಕ್ಕೆ ಬರೆದು ಕೇಳಿರುವರು. ಪ್ರಶ್ನೆಯು ಒಂದು ಮನೆಯದಲ್ಲ. ಅಸೂಟಿಯಂಥ ಊರುಗಳಿಂದ ರೋಣಕ್ಕೋ ಗದಗಕ್ಕೋ ಬಸ್ಸು ಹಿಡಿದು ಹೋಗಿ ಓದುವ ಮಕ್ಕಳ ತಂದೆತಾಯಿಗಳೆಲ್ಲರ ಮನಸ್ಸಿನಲ್ಲಿಯೂ ಈ ಸಂಶಯವಿರುವದು. ಕಲಾಶಾಖೆಯೆಂದರೆ ಲೆಕ್ಕಕ್ಕೆ ಅಂಜಿದವರ ಆಶ್ರಯ, ವಾಣಿಜ್ಯಶಾಖೆಯೆಂದರೆ ಹಣ ಬಲ್ಲವರ ಮನೆ, ಎಂಬ ವಿಂಗಡಣೆಯು ನಮ್ಮಲ್ಲಿ ಅಷ್ಟು ಬೇರೂರಿದೆ. ನನ್ನ ಅಭಿಪ್ರಾಯವಾದರೋ ಇದಕ್ಕೆ ವಿರುದ್ಧವಾದುದು. ಹಣದ ವಿದ್ಯೆಯನ್ನು ಕಲಾಶಾಲೆಯ ಮಕ್ಕಳಿಗೆ ಅವಶ್ಯವಾಗಿ ಕಲಿಸತಕ್ಕದ್ದು. ಆದರೆ ಬಾಯಿಪಾಠದಿಂದಲ್ಲ, ಕೈಯಿಂದ.

ಸಂಸ್ಕೃತದ ಹಳೆಯ ಪಾಠಕ್ರಮವನ್ನು ಬಲ್ಲವರಿಗೆ ಈ ವಿಂಗಡಣೆಯು ನಗೆ ತರಿಸುವಂಥದು. ಭಾಸ್ಕರಾಚಾರ್ಯರ ಲೀಲಾವತಿಯು ಸುಮಾರು ಕ್ರಿ.ಶ. ೧೧೫೦ರ ಗ್ರಂಥ. ರಚನೆಯೆಲ್ಲ ಪದ್ಯದಲ್ಲಿದೆ, ಉದಾಹರಣೆಗಳಲ್ಲಿ ಹಂಸಗಳೂ ದುಂಬಿಗಳೂ ಕಮಲಗಳೂ ಬರುವವು. ಅದೇ ಗ್ರಂಥದ ಮಿಶ್ರವ್ಯವಹಾರ ಪ್ರಕರಣದಲ್ಲಿ ಬಡ್ಡಿಯ ಲೆಕ್ಕಗಳೂ ಇವೆ. ತಿಂಗಳಿಗೆ ನೂರಕ್ಕೆ ಐದರಂತೆ ಕೊಟ್ಟ ಹಣವು ಒಂದು ವರ್ಷಕ್ಕೆ ಬಡ್ಡಿಸಹಿತ ೧,೦೦೦ ಆದರೆ ಅಸಲೆಷ್ಟು, ಬಡ್ಡಿಯೆಷ್ಟು ಎಂದು ಅಲ್ಲಿ ಕೇಳಲಾಗಿದೆ. ಉತ್ತರವು ಅಸಲು ೬೨೫, ಬಡ್ಡಿ ೩೭೫. ಅಂದರೆ ವರ್ಷಕ್ಕೆ ನೂರಕ್ಕೆ ಅರವತ್ತರ ಬಡ್ಡಿ! ಅದಕ್ಕೂ ಮೂರು ಶತಮಾನ ಹಿಂದೆ ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದು ಬಡ್ಡಿಯ ಲೆಕ್ಕಗಳನ್ನು ವಿಸ್ತಾರವಾಗಿ ಹೇಳಿದರು. ೧೨ನೆಯ ಶತಮಾನದಲ್ಲಿ ಕವಿ ರಾಜಾದಿತ್ಯನು ಇಂಥ ವಿಷಯವನ್ನೇ ಕನ್ನಡಕ್ಕೆ ತಂದು ವ್ಯವಹಾರಗಣಿತವೆಂಬ ಗ್ರಂಥವನ್ನು ರಚಿಸಿದನು. ಕೌಟಿಲ್ಯನಂತೂ ತಿಂಗಳಿಗೆ ನೂರು ಪಣಕ್ಕೆ ಒಂದೂಕಾಲು ಪಣವು ಧರ್ಮಸಮ್ಮತವಾದ ಬಡ್ಡಿಯೆಂದೂ, ಅಡವಿಯ ದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವರಿಗೆ ಹತ್ತು, ಸಮುದ್ರದ ವ್ಯಾಪಾರಿಗಳಿಗೆ ಇಪ್ಪತ್ತು ಎಂದೂ ಬೇರೆ ಬೇರೆ ದರಗಳನ್ನು ಹೇಳಿರುವನು. ಅಪಾಯ ಹೆಚ್ಚಿದಂತೆ ಬಡ್ಡಿ ಹೆಚ್ಚುವದೆಂಬ ತತ್ತ್ವವನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾವ ಪಠ್ಯಪುಸ್ತಕವು ಹೇಳೀತು? ನಮ್ಮ ‘ಬಡ್ಡಿ’ ಎಂಬ ಮಾತಾದರೂ ಸಂಸ್ಕೃತದ ‘ವೃದ್ಧಿ’ಯ ತದ್ಭವವೇ. ವ್ಯಾಕರಣದ ತರಗತಿಯಲ್ಲಿ ವೃದ್ಧಿಸಂಧಿಯನ್ನು ಕಲಿತ ಹುಡುಗಿಯು ಸಾಲದ ಕಾಗದದಲ್ಲಿಯ ವೃದ್ಧಿಯನ್ನು ಕಂಡು ಬೆದರಬೇಕಾದ ಕಾರಣವಿಲ್ಲ.

ಕಲಾಶಾಲೆಗಳು ಈ ವಿಷಯವನ್ನು ತೀರ ಮರೆತಿವೆಯೆಂದು ಹೇಳಲಾಗದು. ೨೦೨೧ರಲ್ಲಿ ನಮ್ಮ ರಾಜ್ಯದ ಪದವಿ ಕಾಲೇಜುಗಳಿಗೆ ಹೊಸ ಪಠ್ಯಕ್ರಮವು ಬಂದಾಗ, ಹಣಕಾಸಿನ ಶಿಕ್ಷಣ ಮತ್ತು ಹೂಡಿಕೆಯ ಅರಿವು ಎಂಬ ಒಂದು ಕೌಶಲ್ಯದ ವಿಷಯವನ್ನು ಕಲೆ, ವಿಜ್ಞಾನಗಳ ವಿದ್ಯಾರ್ಥಿಗಳಿಗೂ ತೆರೆಯಲಾಯಿತು. ೨೦೨೪ರಲ್ಲಿ ನಾಲ್ಕು ವರ್ಷದ ಪದವಿಯ ಕ್ರಮವು ಹೋಗಿ ಮೂರು ವರ್ಷದ ಪದವಿಯು ಮರಳಿ ಬಂದಿತು. ಪಠ್ಯಕ್ರಮಗಳು ಹೀಗೆ ಬರುವವು, ಹೋಗುವವು. ಆ ವಿಷಯವನ್ನು ಇಡುವ ವಿಚಾರವು ಒಳ್ಳೆಯದೇ ಆಗಿತ್ತು. ಆದರೆ ಕಲಿಸಿದ ರೀತಿಯು ಬಹಳ ಕಡೆಗೆ ನಮ್ಮ ಹಳೆಯ ರೀತಿಯೇ ಆಯಿತು: ವ್ಯಾಖ್ಯೆ ಬರೆಯಿರಿ, ಭೇದ ಹೇಳಿರಿ, ಟಿಪ್ಪಣಿ ಬರೆಯಿರಿ. ಈಜುವದನ್ನು ಕರಿಹಲಗೆಯ ಮೇಲೆ ಕಲಿಸಿದಂತೆ.

ನಮ್ಮ ಓಣಿಯಲ್ಲಿ ಇಂಥ ವಿಷಯವನ್ನು ಓದಿ ಒಳ್ಳೆಯ ಅಂಕಗಳನ್ನು ಪಡೆದ ಒಬ್ಬ ಹುಡುಗಿಯಿರುವಳು. ಚಕ್ರಬಡ್ಡಿಯ ವ್ಯಾಖ್ಯೆಯನ್ನು ಕೇಳಿದರೆ ತಡವರಿಸದೆ ಹೇಳುವಳು. ಕಳೆದ ವರ್ಷ ಅವಳ ತಾಯಿಯ ಬಳಿಗೆ ಒಂದು ಖಾಸಗಿ ಸಾಲದ ಕಂಪನಿಯ ವಸೂಲಿಗಾರನು ಬಂದು, ಎಂಟು ಜನ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡರೆ ತಲೆಗೆ ೫೦,೦೦೦ ರೂಪಾಯಿ ಕೊಡುವೆವೆಂದೂ, ಬಡ್ಡಿಯು ವರ್ಷಕ್ಕೆ ನೂರಕ್ಕೆ ೧೨ ಮಾತ್ರವೆಂದೂ, ೨೪ ತಿಂಗಳ ಕಂತುಗಳೆಂದೂ ಹೇಳಿ ಕಾಗದ ಕೊಟ್ಟುಹೋದನು. ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದ ಏಳು ಜನರು ತುಂಬತಕ್ಕದ್ದು. ಕಾಗದವು ಇಂಗ್ಲಿಷಿನಲ್ಲಿ. ತಾಯಿಯು ಮಗಳನ್ನು ಕರೆದುಕೊಂಡು ನಮ್ಮ ಕಟ್ಟೆಗೆ ಬಂದರು.

“ಮಾಸ್ತರ್ರ, ಊರಾಗಿನ ಸಾವಕಾರ ನೂರಕ್ಕ ಮೂರು ತಗೋತಾನ್ರಿ, ಇವ್ರು ವರ್ಷಕ್ಕ ಹನ್ನೆರಡ ಅಂತಾರ. ಅಂದ್ರ ತಿಂಗಳಿಗೆ ಒಂದ ರೂಪಾಯಿ ಬಿತ್ತಲ್ರಿ? ಸಹಿ ಮಾಡ್ಲೇನ್ರಿ?” ಎಂದರು.

“ನನ್ನನ್ನ ಯಾಕ ಕೇಳ್ತಿ ತಂಗಿ? ಮನ್ಯಾಗ ಬಿ.ಎ. ಓದೂ ಮಗಳ ಐತಿ,” ಎಂದು ನಾನು ಹುಡುಗಿಗೆ ಒಂದು ನೋಟಬುಕ್ಕು ಕೊಟ್ಟೆನು. “ವ್ಯಾಖ್ಯೆ ಬ್ಯಾಡವಾ. ಇಪ್ಪತ್ನಾಕ ಸಾಲು ಗೀಟು ಹೊಡಿ. ತಿಂಗಳ ತಿಂಗಳ ನಿಮ್ಮವ್ವ ಎಷ್ಟ ತುಂಬತಾಳ, ಎಷ್ಟ ಉಳೀತದ, ಬರಕೋತ ಹೋಗು.”

ವಾಚಕರೂ ಬೇಕಾದರೆ ಬರೆದು ನೋಡಬಹುದು. ೫೦,೦೦೦ಕ್ಕೆ ವರ್ಷಕ್ಕೆ ೬,೦೦೦ದಂತೆ ಎರಡು ವರ್ಷಕ್ಕೆ ಬಡ್ಡಿ ೧೨,೦೦೦. ಒಟ್ಟು ೬೨,೦೦೦ವನ್ನು ೨೪ರಿಂದ ಭಾಗಿಸಿದರೆ ಕಂತು ೨,೫೮೩ ರೂಪಾಯಿ. ಅದರಲ್ಲಿ ಅಸಲು ೨,೦೮೩, ಬಡ್ಡಿ ೫೦೦. ಮೊದಲನೆಯ ತಿಂಗಳು ೫೦,೦೦೦ದ ಮೇಲೆ ೫೦೦ ಬಡ್ಡಿ ಕೊಟ್ಟರೆ ತಿಂಗಳಿಗೆ ನೂರಕ್ಕೆ ಒಂದಾಯಿತು, ಇದು ನ್ಯಾಯವೇ. ಹನ್ನೆರಡು ಕಂತು ತುಂಬಿದ ಮೇಲೆ ಅಸಲು ೨೫,೦೦೦ಕ್ಕೆ ಇಳಿದಿರುವದು; ಆದರೆ ಬಡ್ಡಿಯು ಇಳಿಯುವದಿಲ್ಲ, ಅದೇ ೫೦೦. ಇನ್ನು ಕಡೆಯ ತಿಂಗಳಲ್ಲಿ ಕೈಯಲ್ಲಿ ಉಳಿದ ಸಾಲವು ಬರಿಯ ೨,೦೮೩. ಅದರ ಮೇಲೆಯೂ ೫೦೦! ಆ ಒಂದು ತಿಂಗಳಿಗೆ ನೂರಕ್ಕೆ ೨೪ ಬಿದ್ದಂತೆ. ಹುಡುಗಿಯು ಹತ್ತನೆಯ ಸಾಲಿನ ವರೆಗೆ ಸುಮ್ಮನೆ ಬರೆಯುತ್ತಿದ್ದಳು. ಹದಿನಾಲ್ಕನೆಯ ಸಾಲಿಗೆ ಬಂದಾಗ ಲೇಖನಿಯನ್ನು ನಿಲ್ಲಿಸಿ, “ಅವ್ವಾ, ತೀರಿಸಿದ ರೊಕ್ಕಕ್ಕೂ ಬಡ್ಡಿ ಕೊಡಾಕತ್ತೀವಿ” ಎಂದಳು. ಇಳಿಯುವ ಸಾಲದ ಮೇಲೆ ಎಣಿಸಿದರೆ ಈ ‘ಹನ್ನೆರಡು’ ವರ್ಷಕ್ಕೆ ಸುಮಾರು ಇಪ್ಪತ್ತೊಂದೂವರೆ ಆಗುವದು. ಅಷ್ಟೇ ಅಲ್ಲ. ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಕಾಗದಪತ್ರದ ಖರ್ಚೆಂದು ೧,೦೦೦, ವಿಮೆಯೆಂದು ೭೫೦ ಮೊದಲೇ ಮುರಿದುಕೊಳ್ಳುವದಾಗಿ ಬರೆದಿತ್ತು. ಕೈಗೆ ಬರುವದು ೪೮,೨೫೦, ಕಂತು ಮಾತ್ರ ೫೦,೦೦೦ದ್ದು. ಆಗ ದರವು ಇಪ್ಪತ್ತೈದನ್ನೂ ದಾಟುವದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಆ ಲೆಕ್ಕದಲ್ಲಿ ನಾಲ್ಕನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಕೂಡುವದು, ಕಳೆಯುವದು, ಭಾಗಿಸುವದು, ಇಷ್ಟೇ. ಎರಡನೆಯದಾಗಿ, ಅವಳ ಉಪಯೋಗಕ್ಕೆ ಬಂದುದು ಗಣಿತಕ್ಕಿಂತಲೂ ಓದುವ ಅಭ್ಯಾಸವು. ಹಿಂಬದಿಯ ಸಣ್ಣ ಅಕ್ಷರಗಳನ್ನು ಅವಳು ಬಿಡದೆ ಓದಿದಳು, ‘ಮಾತ್ರ’ ಎಂಬ ಒಂದು ಶಬ್ದದ ಮೇಲೆ ನಿಂತಳು, ‘ದರ’ ಎಂದರೆ ಯಾವದರ ಮೇಲಿನ ದರ ಎಂದು ಕೇಳಿದಳು. ಹಳಗನ್ನಡದ ಪದ್ಯವನ್ನು ಅನ್ವಯಿಸುವಾಗ ನಾವು ಕಲಿಸುವದಾದರೂ ಇದನ್ನೇ ಅಲ್ಲವೇ? ಯಾವ ವಿಶೇಷಣವು ಯಾವ ನಾಮಪದಕ್ಕೆ ಸೇರಿತು, ಕರ್ತೃ ಯಾರು, ಹೇಳದೆ ಬಿಟ್ಟುದು ಏನು? ಸಾಲದ ಕರಾರು ಒಂದು ಗ್ರಂಥ. ಅದನ್ನು ಬರೆದವನು ಜಾಣ. ಓದುವವನು ಅವನಿಗಿಂತ ಜಾಣನಾಗಬೇಕು. ವ್ಯಾಖ್ಯಾನದ ವಿದ್ಯೆಯನ್ನು ಮೂರು ವರ್ಷ ಅಭ್ಯಾಸಮಾಡುವ ಕಲಾಶಾಲೆಯ ಮಕ್ಕಳಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರು?

ಮುಂದೇನಾಯಿತೆಂದು ಕೇಳುವಿರಿ. ಗುಂಪಿನ ಹೆಣ್ಣುಮಕ್ಕಳು ಇಪ್ಪತ್ನಾಲ್ಕು ಕಡಲೆಕಾಳುಗಳನ್ನು ಮುಂದಿಟ್ಟುಕೊಂಡು ಲೆಕ್ಕವನ್ನು ಮತ್ತೊಮ್ಮೆ ಮಾಡಿಸಿದರು. ಆಮೇಲೆ ವಸೂಲಿಗಾರನನ್ನು ಕರೆದು, ವರ್ಷಕ್ಕೆ ನಿಜವಾದ ದರವೆಷ್ಟೆಂದು ಕನ್ನಡದಲ್ಲಿ ಬರೆದುಕೊಡಿರೆಂದರು. ಹಾಗೆ ಕೇಳುವದು ಅವರ ಹಕ್ಕು. ರಿಜರ್ವ ಬ್ಯಾಂಕು ೨೦೨೨ರಲ್ಲಿ ಮಾಡಿದ ನಿಯಮದಂತೆ, ವರ್ಷಕ್ಕೆ ಮೂರು ಲಕ್ಷದ ವರೆಗೆ ಆದಾಯವುಳ್ಳ ಮನೆಗೆ ಒತ್ತೆಯಿಲ್ಲದೆ ಕೊಡುವ ಕಿರುಸಾಲದಲ್ಲಿ, ಎಲ್ಲ ಖರ್ಚುಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಒಂದು ಹಾಳೆಯ ಮೇಲೆ ಕೊಡತಕ್ಕದ್ದು. ಬರುವ ವಾರ ತರುವೆನೆಂದು ಅವನು ಹೋದನು. ಆ ವಾರ ಇನ್ನೂ ಬಂದಿಲ್ಲ. ಆದರೆ ಅವರ ಹಣದ ಅಡಚಣೆಯು ಸುಳ್ಳಾಗಿರಲಿಲ್ಲ. ಇಬ್ಬರು ತಮ್ಮ ಸ್ವಸಹಾಯ ಸಂಘದ ಉಳಿತಾಯದಿಂದ ಅರ್ಧದಷ್ಟು ಎತ್ತಿಕೊಂಡರು. ಒಬ್ಬಾಕೆ ಎಮ್ಮೆಯ ಕರುವನ್ನು ಮಾರಿದಳು. ಮತ್ತೊಬ್ಬಾಕೆ ನೂರಕ್ಕೆ ಮೂರರ ಸಾಹುಕಾರನ ಬಳಿಗೇ ಹೋದಳು. ಲೆಕ್ಕ ತಿಳಿದ ಮಾತ್ರಕ್ಕೆ ಬಡತನ ನೀಗುವದಿಲ್ಲ. ಹೋಗುವ ದಾರಿಯಲ್ಲಿ ಎಲ್ಲಿ ಹೊಂಡವಿದೆಯೆಂಬುದು ಮಾತ್ರ ಕಾಣುವದು.

ಹೊಂಡಗಳು ಸಣ್ಣವಲ್ಲ. ಕಿರುಸಾಲದ ವಸೂಲಿಯ ಕಿರುಕುಳದಿಂದ ಮನೆ ಬಿಟ್ಟು ಹೋದವರ, ಪ್ರಾಣ ಕಳೆದುಕೊಂಡವರ ವಾರ್ತೆಗಳು ರಾಜ್ಯದ ಅನೇಕ ಜಿಲ್ಲೆಗಳಿಂದ ಬಂದುದರಿಂದಲೇ ೨೦೨೫ರ ಫೆಬ್ರುವರಿಯಲ್ಲಿ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಮುಂದಿನ ತಿಂಗಳು ವಿಧಾನಮಂಡಲವು ಅದನ್ನು ಮಸೂದೆಯಾಗಿ ಅಂಗೀಕರಿಸಿತು. ಬಲಾತ್ಕಾರದ ವಸೂಲಿಗೆ ಹತ್ತು ವರ್ಷದ ವರೆಗೆ ಸೆರೆ, ಐದು ಲಕ್ಷದ ವರೆಗೆ ದಂಡ. ಕಾಯಿದೆಯು ಬಾಗಿಲಿಗೆ ಬಂದ ದುಷ್ಟನನ್ನು ತಡೆಯಬಲ್ಲದು; ಆದರೆ ಸಹಿ ಮಾಡುವ ಕೈಯನ್ನು ತಡೆದು ‘ಒಂದು ಕ್ಷಣ ನಿಲ್ಲು, ಓದುವೆನು’ ಎನ್ನುವ ಮಗಳು ಮನೆಯಲ್ಲಿಯೇ ಬೇಕು.

ಕೈಯಿಂದ ಕಲಿಸುವದೆಂದರೆ ಹೇಗೆ? ಅಮೇರಿಕದಲ್ಲಿ ಸಾಹಿತ್ಯ, ಇತಿಹಾಸ, ವಿಜ್ಞಾನಗಳನ್ನು ಒಟ್ಟಿಗೆ ಕಲಿಸುವ ಉದಾರಶಿಕ್ಷಣದ ಕಾಲೇಜುಗಳುಂಟು. ಅವುಗಳಲ್ಲೊಂದಾದ ಪೆನ್ಸಿಲ್ವೇನಿಯದ ಲಾಫಾಯೆಟ್ ಕಾಲೇಜಿನಲ್ಲಿ ೧೯೪೬ರಿಂದ ವಿದ್ಯಾರ್ಥಿಗಳ ಹೂಡಿಕೆಯ ಸಂಘವೊಂದು ನಡೆದುಬಂದಿದೆ. ಅಲ್ಲಿ ಮಕ್ಕಳು ನಿಜವಾದ ಹಣವನ್ನು ನಿಜವಾದ ಷೇರುಗಳಲ್ಲಿ ತೊಡಗಿಸುವರು. ಯಾವದನ್ನು ಕೊಳ್ಳಬೇಕೆಂದು ವಾದ ಮಾಡಿ, ಮತ ಹಾಕಿ, ಲಾಭನಷ್ಟಗಳಿಗೆ ಉತ್ತರ ಹೇಳುವರು. ಇದನ್ನು ಕೇಳಿ ನಮ್ಮಲ್ಲಿ ಕೆಲವರು ಮಕ್ಕಳಿಗೆ ಮೊಬೈಲಿನಲ್ಲಿ ಸುಳ್ಳು ಹಣದ ಷೇರು ಆಟವನ್ನು ಆಡಿಸುವದುಂಟು. ಸುಳ್ಳು ಹಣಕ್ಕೆ ನೋವಿಲ್ಲ. ನೋವಿಲ್ಲದ ಕಡೆ ವಿವೇಕ ಬೆಳೆಯದು. ಆಟದಲ್ಲಿ ಗೆದ್ದ ಹುಡುಗನು ಮರುದಿನ ಅಪ್ಪನ ಖಾತೆಯ ಹಣದಿಂದ ವಾಯಿದೆ ವ್ಯಾಪಾರಕ್ಕೆ ಇಳಿಯುವನು. ಅದರ ಫಲವೇನೆಂದು ಷೇರುಪೇಟೆಯ ನಿಯಂತ್ರಕರಾದ ಸೆಬಿಯವರು ೨೦೨೪ರ ಸಪ್ಟಂಬರದಲ್ಲಿ ಪ್ರಕಟಿಸಿದ ಅಧ್ಯಯನವು ತಿಳಿಸುವದು. ೨೦೨೪ರ ಮಾರ್ಚಿಗೆ ಮುಗಿದ ಮೂರು ವರ್ಷಗಳಲ್ಲಿ ಷೇರುಗಳ ವಾಯಿದೆ ಮತ್ತು ಆಪ್ಶನ್ ವ್ಯಾಪಾರವನ್ನು ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ ೯೩ ಮಂದಿ ಹಣ ಕಳೆದುಕೊಂಡರು. ಅವರೆಲ್ಲರ ಒಟ್ಟು ಹಾನಿ ೧ ಲಕ್ಷ ೮೦ ಸಾವಿರ ಕೋಟಿ ರೂಪಾಯಿಗೂ ಮೇಲೆ. ಇಂಥದನ್ನು ವಿದ್ಯೆಯೆಂದು ಕರೆಯಲು ನನ್ನ ಬಾಯಿ ಬಾರದು.

ಲಾಫಾಯೆಟ್ಟಿನ ಮಾದರಿಯಲ್ಲಿ ಗ್ರಾಹ್ಯವಾದುದು ಷೇರಲ್ಲ, ಹೊಣೆ. ಹಣ ಚಿಕ್ಕದಿರಲಿ, ಆದರೆ ನಿಜವಾದದ್ದಿರಲಿ. ಅದು ಯಾರದೋ ಆಗಿರಲಿ, ಅವರಿಗೆ ಉತ್ತರ ಹೇಳುವ ಹಂಗಿರಲಿ. ಇಷ್ಟಾದರೆ ಅಮೇರಿಕದ ವರೆಗೆ ಹೋಗಬೇಕಾದ ಅವಶ್ಯಕತೆ ನಮಗಿಲ್ಲ. ಇದೇ ಗದಗ ಜಿಲ್ಲೆಯ ಕಣಗಿನಹಾಳಕ್ಕೆ ಹೋದರೆ ಸಾಕು.

೧೯೦೪ರಲ್ಲಿ ಹಿಂದುಸ್ಥಾನದ ಸರಕಾರವು ಸಹಕಾರೀ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತು. ಮರುವರ್ಷ, ಅಂದರೆ ೧೯೦೫ರ ಮೇ ೮ರಂದು, ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ದೇಶದ ಮೊದಮೊದಲಿನ ಕೃಷಿ ಪತ್ತಿನ ಸಹಕಾರೀ ಸಂಘಗಳಲ್ಲೊಂದು ನೋಂದಣಿಯಾಯಿತು. ಆ ಕಾಯಿದೆಯ ಮೂಲವು ಜರ್ಮನಿಯ ರೈಫೈಸನ್ ಎಂಬ ಸದ್ಗೃಹಸ್ಥನ ಗ್ರಾಮಸಂಘಗಳಲ್ಲಿದೆ. ಅದರಲ್ಲಿಯ ಎರಡು ಸಂಗತಿಗಳು ನಮಗೆ ಮುಖ್ಯವಾದವು. ಒಂದೇ ಊರಿನ, ಒಬ್ಬರನ್ನೊಬ್ಬರು ಬಲ್ಲ ಹತ್ತು ಜನ ಸೇರಿದರೆ ಸಂಘವಾಗಬಹುದು. ಮತ್ತು ಗ್ರಾಮದ ಸಂಘದಲ್ಲಿ ಪ್ರತಿಯೊಬ್ಬ ಸದಸ್ಯನ ಹೊಣೆಯು ಸಾಮಾನ್ಯವಾಗಿ ಅಮಿತವಾದುದು. ಅಮಿತ ಹೊಣೆಯೆಂದರೆ, ಸಂಘವು ಮುಳುಗಿದರೆ ನನ್ನ ಪಾಲಿನ ಹಣವಷ್ಟೇ ಅಲ್ಲ, ನನ್ನ ಹೊಲಮನೆಗಳೂ ಸಾಲಕ್ಕೆ ಗುರಿಯಾಗುವವು. ಎತ್ತು ಕೊಳ್ಳುವೆನೆಂದು ಸಾಲ ಎತ್ತಿದ ನೆರೆಯವನು ಆ ಹಣವನ್ನು ಮದುವೆಯ ಮಂಟಪಕ್ಕೆ ಹಾಕಿದರೆ ನಾನು ಸುಮ್ಮನೆ ನೋಡುತ್ತ ಕುಳಿತುಕೊಳ್ಳಲಾರೆನು, ಹೋಗಿ, “ಕಾಕಾ, ಎತ್ತು ಎಲ್ಲೈತ್ರಿ?” ಎಂದು ಕೇಳಲೇಬೇಕು. ಹಾಗೆ ಕೇಳುವದಕ್ಕೆ ಸಂಘದ ಕೀರ್ದಿಯಲ್ಲಿ ಏನು ಬರೆದಿದೆಯೆಂದು ತಿಳಿದಿರಬೇಕು. ಓದುಬರಹವು ಅಷ್ಟಕ್ಕಷ್ಟೇ ಇದ್ದ ಒಕ್ಕಲಿಗರು ಜಮಾ ಏನು, ನಾವೆ ಏನು, ಶಿಲ್ಕು ಎಷ್ಟು, ಅವಧಿ ಮೀರಿದ ಬಾಕಿ ಯಾವದು ಎಂಬುದನ್ನು ಕಲಿತದ್ದು ಈ ಬಗೆಯ ಹೊಣೆಯಿಂದ. ೧೯೧೭ರಲ್ಲಿ ಗದಗದಲ್ಲಿ ಹತ್ತಿಯ ಮಾರಾಟದ ಸಹಕಾರೀ ಸಂಘವು ಹುಟ್ಟಿದುದೂ ಇದೇ ಗಾಳಿಯಲ್ಲಿಯೇ. ಬಡ್ಡಿಯನ್ನು ಕಲಿತವರು ಮುಂದೆ ತೂಕವನ್ನೂ ದರವನ್ನೂ ಕಲಿಯಬೇಕೆನ್ನುವದು ಸಹಜವೇ. ೧೯೧೭ರಲ್ಲಿಯೇ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಈ ಎರಡೂ ವಿದ್ಯಾಲಯಗಳ ನಡುವೆ ಒಂದು ದಾರಿಯನ್ನು ಕಡಿಯಬೇಕೆಂದು ಆಗ ಯಾರಿಗೂ ತೋಚಲಿಲ್ಲವೋ ಏನೋ.

ಈಗಿನ ಸಂಘಗಳೆಲ್ಲ ಕಣಗಿನಹಾಳದ ಪಡಿಯಚ್ಚುಗಳೆಂದು ನಾನು ಹೇಳುವದಿಲ್ಲ. ಕೆಲವು ಕಡೆ ಚುನಾವಣೆಯೇ ಸಂಘ, ಉಳಿದುದೆಲ್ಲ ಗೋಡೆ ಎಂಬ ಸ್ಥಿತಿಯಿದೆ. ಆದುದರಿಂದಲೇ ಮಕ್ಕಳು ಅಲ್ಲಿ ಹೋಗಿ ಕುಳಿತುಕೊಳ್ಳಬೇಕು. ಬಿ.ಎ. ತರಗತಿಯ ಹತ್ತು ಮಕ್ಕಳು ಕಾರ್ಯದರ್ಶಿಯ ಅನುಮತಿಯಿಂದ ವಾರಕ್ಕೊಂದು ದಿನ ಊರ ಸಂಘದ ಕಚೇರಿಯಲ್ಲಿ ಕುಳಿತು ರೋಜು ಕೀರ್ದಿಯನ್ನು ಬರೆಯಲಿ. ಸಂಜೆ ಪೆಟ್ಟಿಗೆಯ ಶಿಲ್ಕನ್ನು ಎಣಿಸಿ ಪುಸ್ತಕದೊಡನೆ ತಾಳೆ ನೋಡಲಿ. ಹತ್ತು ರೂಪಾಯಿ ತಾಳೆಯಾಗದೆ ಹೋದ ಸಂಜೆಯಲ್ಲಿ ಕಲಿಯುವಷ್ಟನ್ನು ಒಂದು ಷಣ್ಮಾಸದ ಉಪನ್ಯಾಸವು ಕಲಿಸಲಾರದು. ಯಾರ ಸಾಲ ಎಷ್ಟೆಂಬುದು ಕಚೇರಿಯ ಹೊಸ್ತಿಲು ದಾಟಬಾರದೆಂಬುದೇ ಮೊದಲನೆಯ ಪಾಠವಾಗಲಿ. ಈ ಶೀಲವಿಲ್ಲದವರಿಗೆ ಕೀರ್ದಿಯನ್ನು ಮುಟ್ಟಗೊಡಬಾರದು. ಆರ್ಥಿಕ ವರ್ಷ ಮುಗಿದು ಆರು ತಿಂಗಳೊಳಗಾಗಿ, ಅಂದರೆ ಸಪ್ಟಂಬರದೊಳಗೆ, ಸಂಘದ ವಾರ್ಷಿಕ ಸಭೆಯಾಗುವದು. ಅಲ್ಲಿ ಹಂಚುವ ಅಢಾವೆ ಪತ್ರಿಕೆಯನ್ನು ಬಹುಜನರು ಚುರುಮುರಿ ಕಟ್ಟಲು ಉಪಯೋಗಿಸುವರು. ಅದನ್ನು ಹಿಂದಿನ ದಿನವೇ ಓದಿ, ಅವಧಿ ಮೀರಿದ ಬಾಕಿಯು ಕಳೆದ ವರ್ಷಕ್ಕಿಂತ ಏರಿತೋ ಇಳಿಯಿತೋ ಎಂದು ಒಬ್ಬ ಹುಡುಗಿಯು ಸಭೆಗೆ ಮುಂಚೆ ತನ್ನ ತಂದೆಗೆ ತಿಳಿಸಿದರೆ, ಸಭೆಯಲ್ಲಿ ಏಳುವ ಪ್ರಶ್ನೆಯ ಧ್ವನಿಯೇ ಬೇರೆಯಾಗುವದು.

ಇನ್ನೊಂದನ್ನು ಗೃಹಿಣಿಯರು ಅವಶ್ಯವಾಗಿ ತಿಳಿದಿರಬೇಕು. ಬ್ಯಾಂಕಿನಲ್ಲಿಟ್ಟ ಠೇವಿಗೆ ಐದು ಲಕ್ಷದ ವರೆಗೆ ವಿಮೆಯ ರಕ್ಷಣೆಯಿದೆ. ಇದು ೨೦೨೦ರ ಫೆಬ್ರುವರಿಯಿಂದ ನಡೆದುಬಂದ ಮಿತಿ. ಸಹಕಾರೀ ಬ್ಯಾಂಕುಗಳಿಗೂ ಇದು ಅನ್ವಯಿಸುವದು. ಆದರೆ ಬ್ಯಾಂಕಲ್ಲದ ಪ್ರಾಥಮಿಕ ಸಹಕಾರೀ ಸಂಘದಲ್ಲಿಟ್ಟ ಹಣಕ್ಕೆ ಈ ರಕ್ಷಣೆಯಿಲ್ಲ. ಬೋರ್ಡಿನ ಮೇಲೆ ಎರಡೂ ಕಡೆ ‘ಸಹಕಾರೀ’ ಎಂದೇ ಬರೆದಿರುವದು. ವಿಶೇಷಣವನ್ನು ಓದಿ ನಾಮಪದವನ್ನು ಮರೆತರೆ ಮುಪ್ಪಿನ ಕಾಲದ ಗಂಟು ಹೋದೀತು.

ಕಡಲೆಯ ಸುಗ್ಗಿಯಲ್ಲಿ ಮತ್ತೊಂದು ಪಾಠವಿದೆ. ನಮ್ಮದು ಎರೆಯ ನೆಲ. ಹಿಂಗಾರಿಯ ಕಡಲೆಯೇ ಎಷ್ಟೋ ಮನೆಗಳ ವರ್ಷದ ಆಧಾರ. ಒಂದು ಚೀಲ ಕಡಲೆಯು ಕಣದಿಂದ ಹೊರಟು ಅಡತಿ ಅಂಗಡಿಯ ಕಟ್ಟೆಗೆ ಮುಟ್ಟುವ ವರೆಗೆ ಅದರ ಬೆನ್ನು ಹತ್ತಿ ಹೋಗಿರಿ ಎಂದು ಮಕ್ಕಳಿಗೆ ಹೇಳಬೇಕು. ಬಾಡಿಗೆಯೆಷ್ಟು, ಹಮಾಲಿಯೆಷ್ಟು, ತೂಕದ ಖರ್ಚೆಷ್ಟು, ಇವುಗಳಲ್ಲಿ ಯಾವದನ್ನು ಯಾರು ಕೊಡತಕ್ಕದ್ದು, ನಿಜವಾಗಿ ಕೊಟ್ಟವರು ಯಾ‌ರು. ಪಟ್ಟಿಯಲ್ಲಿ ಬರೆದುದೆಷ್ಟು, ಕೈಗೆ ಬಂದುದೆಷ್ಟು. ಅದೇ ಬೆಳೆಗೆ ವಿಮೆಯಿಳಿಸಿದ್ದರೆ ೨೦೧೬ರಿಂದ ನಡೆದ ಫಸಲ ವಿಮೆಯ ಯೋಜನೆಯಲ್ಲಿ ಹಿಂಗಾರಿ ಕಾಳಿಗೆ ರೈತನು ತುಂಬುವ ಪಾಲು ನೂರಕ್ಕೆ ಒಂದೂವರೆಗಿಂತ ಹೆಚ್ಚಿಲ್ಲ. ಆದರೆ ಬೆಳೆ ಕಡಿಮೆಯಾಯಿತೆಂಬ ನಿರ್ಣಯವು ಒಬ್ಬೊಬ್ಬರ ಹೊಲವನ್ನು ನೋಡಿ ಆಗುವದಿಲ್ಲ. ಊರಿಗೆ ಅಥವಾ ಪಂಚಾಯತಿಗೆ ಇಂತಿಷ್ಟು ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ ಸರಾಸರಿ ತೆಗೆಯುವರು. ತನ್ನ ಹೊಲ ಒಣಗಿದರೂ ಪರಿಹಾರ ಬಾರದುದೇಕೆಂದು ಅಧಿಕಾರಿಯನ್ನು ಬೈಯುವ ಮೊದಲು ಸರಾಸರಿಯೆಂದರೇನೆಂದು ತಿಳಿಯಬೇಕು. ತಿಳಿದ ಮೇಲೆ ಬೈಯಬೇಕಾದರೆ ಸರಿಯಾದ ಜಾಗದಲ್ಲಿ ಬೈಯಬಹುದು.

“ಇದರಿಂದ ಇತಿಹಾಸದ ಓದಿಗೆ ಅಡ್ಡಿಯಾಗದೇ?” ಎಂದು ಪ್ರಾಧ್ಯಾಪಕರೊಬ್ಬರು ಕೇಳಿದರು. ಇತಿಹಾಸವೆಂದರೆ ಮತ್ತೇನು? ೧೮೭೫ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಹುಡುಕಿದುದು ಬಂಗಾರವನ್ನಲ್ಲ, ಸಾಲದ ರೋಖೆಗಳನ್ನು. ಸಿಕ್ಕವನ್ನು ಬೀದಿಯಲ್ಲಿ ಸುಟ್ಟರು. ತಾವು ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರಿಗೆ ಉಳಿದ ದಾರಿ ಬೆಂಕಿಯೊಂದೇ ಆಯಿತು. ಅಷ್ಟು ದೂರವೇಕೆ? ೧೯೮೦ರ ಜುಲೈಯಲ್ಲಿ ನಮ್ಮ ನೆರೆಯ ನರಗುಂದ, ನವಲಗುಂದಗಳಲ್ಲಿ ಎದ್ದ ರೈತರ ಬಂಡಾಯದ ಮೂಲದಲ್ಲಿ ಮಲಪ್ರಭೆಯ ಕಾಲುವೆಯ ಅಭಿವೃದ್ಧಿ ಕರವಿತ್ತು. ನಾನಾಗ ಹದಿನೈದರ ಹುಡುಗ. ಗೋಳಿಬಾರಿನ ಸುದ್ದಿಯು ಬಂದ ದಿನ ಊರಲ್ಲಿ ಒಲೆ ಹೊತ್ತದ ಮನೆಗಳಿದ್ದವು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರದ ನೋಟೀಸು ಬಂದಿತೆಂಬುದು ಜನರ ದೂರು. ಆ ನೋಟೀಸಿನಲ್ಲಿ ಏನಿತ್ತು, ಯಾವ ಲೆಕ್ಕದಿಂದ ಎಕರೆಗೆ ಅಷ್ಟು ಬಂತು, ಹತ್ತಿಯ ಬೆಲೆ ಆಗ ಎಷ್ಟಿತ್ತು ಎಂಬುದನ್ನು ಶೋಧಿಸುವ ಬಿ.ಎ. ವಿದ್ಯಾರ್ಥಿಯು ಇತಿಹಾಸವನ್ನೂ ಹಣಕಾಸನ್ನೂ ಒಂದೇ ಮಣೆಯ ಮೇಲೆ ಕುಳಿತು ಕಲಿತಂತೆ.

ಆಕ್ಷೇಪಣೆಗಳಲ್ಲಿ ತೂಕವುಳ್ಳದ್ದು ಬೇರೊಂದಿದೆ. ಮಕ್ಕಳ ಮನಸ್ಸನ್ನು ಎಳೆವಯಸ್ಸಿನಲ್ಲಿಯೇ ಹಣಕ್ಕೆ ಕಟ್ಟಿದರೆ ಸಾಹಿತ್ಯದ ರುಚಿ ಕೆಟ್ಟೀತೆಂಬುದು. ಈ ಭಯವನ್ನು ನಾನು ಹಗುರಾಗಿ ಎಣಿಸುವದಿಲ್ಲ. ಲಾಭದ ಆಸೆಯನ್ನು ಕಲಿಸುವ ಪಾಠವಾದರೆ ಕೆಟ್ಟೀತು. ಆದರೆ ಲೆಕ್ಕ ಒಪ್ಪಿಸುವದನ್ನು ಕಲಿಸುವ ಪಾಠದಿಂದ ಯಾವ ರುಚಿಯೂ ಕೆಟ್ಟುದನ್ನು ನಾನು ಕಂಡಿಲ್ಲ. ಗದಗದಲ್ಲಿ ೨೦೧೬ರಲ್ಲಿ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ ರಾಜ್ ವಿಶ್ವವಿದ್ಯಾಲಯದ ಮಕ್ಕಳು ಊರೂರಿಗೆ ಹೋಗಿ ಕಲಿಯುವ ಪದ್ಧತಿಯನ್ನಿಟ್ಟುಕೊಂಡಿರುವರು. ಸಾಮಾನ್ಯ ಬಿ.ಎ. ಮಕ್ಕಳಿಗೆ ಅದರ ನಾಲ್ಕಾಣೆಯಷ್ಟಾದರೂ ಸಿಗಬೇಕು. ಕಾಲೇಜಿನವರಿಗೆ ಸಂಘದ ಕಚೇರಿ ದೂರವಾದರೆ ಕಾಲೇಜಿನೊಳಗೇ ಮಕ್ಕಳು ತಲೆಗೆ ಐವತ್ತು ರೂಪಾಯಿ ಪಾಲು ಹಾಕಿ ನೋಟಬುಕ್ಕು, ಪೆನ್ನುಗಳ ಭಂಡಾರವನ್ನು ನಡೆಸಲಿ. ಉದ್ರಿ ಕೊಟ್ಟ ಗೆಳತಿಯನ್ನು ಬಾಕಿ ಕೇಳುವದು ಎಷ್ಟು ಕಷ್ಟವೆಂಬುದು ಅಲ್ಲಿಯೇ ತಿಳಿಯುವದು. ಸಾಲ ಕೊಡುವವನ ಕಷ್ಟವೂ ತಿಳಿಯಬೇಕಷ್ಟೆ.

ಪ್ರಶ್ನೆ ಕೇಳಿದ ತಾಯಿಯವರಿಗೆ ಹೇಳುವದಿಷ್ಟು: ಮಗಳನ್ನು ಬಿ.ಎ. ಬಿಡಿಸಬೇಡಿರಿ. ಈ ತಿಂಗಳ ಮೊದಲ ತಾರೀಖಿನಿಂದ ಮನೆಯ ಜಮಾಖರ್ಚನ್ನು ಅವಳ ಕೈಗೆ ಕೊಡಿರಿ. ನಿಮ್ಮ ಸಂಘದ ಪಾಸುಬುಕ್ಕು, ಯಜಮಾನರ ಬೆಳೆಸಾಲದ ಕಾಗದ, ವಿಮೆಯ ರಸೀದಿ, ಎಲ್ಲವನ್ನೂ ಅವಳ ಮುಂದಿಟ್ಟು ಗಟ್ಟಿಯಾಗಿ ಓದಿಸಿರಿ. ಸಹಕಾರೀ ಸಂಘದಿಂದ ಬಡ್ಡಿಯಿಲ್ಲದೆ ಬಂದ ಬೆಳೆಸಾಲವು ವಾಯಿದೆಯೊಳಗೆ ತೀರಿದರೆ ಮಾತ್ರ ಬಡ್ಡಿಯಿಲ್ಲದ್ದು. ಆ ತಾರೀಖು ಯಾವದೆಂದು ಅವಳಿಂದ ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಸಿರಿ.

ಮತ್ತೊಂದು ಬೇಡಿಕೆಯು ಎಲ್ಲ ವಾಚಕರಿಗೂ ಇದೆ. ಮುಂಬಯಿ ಇಲಾಖೆಯ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳ ಲೆಕ್ಕಗಳನ್ನು ಮೋಡಿ ಲಿಪಿಯಲ್ಲಿ ಬರೆದಿಡುತ್ತಿದ್ದರು. ಅಟ್ಟದ ಮೇಲೆ ಕೆಂಪು ಅರಿವೆಯಲ್ಲಿ ಕಟ್ಟಿಟ್ಟ ಅಜ್ಜಂದಿರ ಕೀರ್ದಿಗಳಿದ್ದರೆ ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಈ ಪುಟಕ್ಕೊಂದು ಕಾಗದ ಬರೆಯಿರಿ. ಮೋಡಿಯನ್ನು ಓದಬಲ್ಲ ಹಿರಿಯರು ಇನ್ನೂ ಕೆಲವರಿರುವರು. ಅವರ ಎದುರಿಗೆ ಕುಳಿತು ಅವನ್ನು ಕನ್ನಡಕ್ಕೆ ಇಳಿಸಿಕೊಳ್ಳಲು ನಮ್ಮ ಓಣಿಯ ಆ ಹುಡುಗಿಯೂ ಅವಳ ಇಬ್ಬರು ಗೆಳತಿಯರೂ ಒಪ್ಪಿರುವರು.